ಹಿಂಚಕ್ರದ ಎರಡು ಗೆರೆ

ಎಂಜಿನ್ನಿನ ಮೇಲೆ ಅಂಗೈ ಇಟ್ಟ ಮಾವ ಬೇಗ ತೆಗೆಯಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಅಲ್ಲೇ ಇಟ್ಟುಕೊಂಡು ನಿಂತರು.

"ಬೆಚ್ಚಗಿದೆಯಲ್ಲ ಸ್ವಾಮಿ," ಅಂದರು.

"ಬಿಸಿಲಿಗೆ," ಅಂದ ಕನ್ನಡಕದ ಅಂಗಡಿಯವನು.

ಬೈಕು ನಿಂತಿದ್ದದ್ದು ಅಂಗಡಿಯ ಹಿಂದಿನ ಅಂಗಳದಲ್ಲಿ, ತಗಡಿನ ಚಾವಣಿಯ ಕೆಳಗೆ. ಅದರ ಮೇಲೆ ಹೊದೆಸಿದ್ದ ಟಾರ್ಪಾಲನ್ನು ಈಗಷ್ಟೇ ಅವನೇ ಎಳೆದು ಮಡಚಿದ್ದ.

"ನಿಮ್ಮ ಮನೇಲಿ ಬಿಸಿಲು ಟಾರ್ಪಾಲಿನ ಒಳಗೂ ನುಗ್ಗುತ್ತೆ ಅಂತಾಯ್ತು," ಅಂದರು ಮಾವ. "ಹಳೇ ಬೈಕು ನೋಡೋಕೆ ಬರೋವಾಗ ಎಂಜಿನ್ ತಣ್ಣಗಿರಬೇಕು. ತಣ್ಣಗಿದ್ದಾಗ ಒಂದೇ ಸಲಕ್ಕೆ ಎದ್ದರೆ ಅದರ ಎದೆ ಗಟ್ಟಿ ಅಂತ ಅರ್ಥ. ಮೊದಲೇ ಓಡಿಸಿ ಇಟ್ಟಿದ್ದೀರಿ. ಯಾಕೆ?"

"ನೀವು ಬರ್ತೀರಿ ಅಂತ ಒಂದು ಸಲ ಸ್ಟಾರ್ಟ್ ಮಾಡಿ ನೋಡಿದೆ ಯಜಮಾನರೇ. ಮಗಳನ್ನ ತೋರಿಸೋಕೆ ಮುಂಚೆ ತಲೆ ಬಾಚೋದಿಲ್ವಾ?"

ಅವನು ನಕ್ಕ. ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದು ತನ್ನ ಕನ್ನಡಕದ ಗಾಜು ಒರೆಸಿಕೊಂಡ. ನಲವತ್ತೈದರ ಆಸುಪಾಸು, ಸಣ್ಣ ಕೈ, ಸಣ್ಣ ದನಿ. ಇಂಥವನ ಅಂಗಡಿಗೆ ಜನ ಕಣ್ಣು ತೋರಿಸಿಕೊಳ್ಳಲು ನೆಮ್ಮದಿಯಿಂದ ಬರುತ್ತಾರೆ ಅಂತ ಹಲ್ಲಕ್ಕನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ಭಯವಾಯಿತು.

ಹಲ್ಲಕ್ಕ ಅಂತ ಅವಳನ್ನು ಕರೆಯುವುದು ಬೀದಿಯವರು. ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಮುದುಕರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಹಳೇ ಬೈಕು ನೋಡಿಕೊಂಡು ಬರುತ್ತೇನೆ ಅಂತ ಹೊರಟ ಅವಳ ಗಂಡ ಮನೆಗೆ ಮರಳದೆ ಇವತ್ತಿಗೆ ಒಂಬತ್ತು ದಿನ.

ಮಾವ ಅಂದರೆ ಅವಳ ತಾಯಿಯ ತಮ್ಮ. ಮೂವತ್ತು ವರ್ಷ ಪೊಲೀಸಿನಲ್ಲಿದ್ದು, ಕದ್ದ ಬೈಕುಗಳ ಬೆನ್ನು ಹತ್ತಿ ಹತ್ತಿ ಮೊಣಕಾಲು ಸವೆಸಿಕೊಂಡು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಮಾತು ಜಾಸ್ತಿ. ಆದರೆ ಮಾತಾಡುತ್ತಿರುವಾಗಲೇ ಅವರ ಕಣ್ಣು ಬೇರೆಲ್ಲೋ ಕೆಲಸ ಮಾಡುತ್ತಿರುತ್ತದೆ.

"ಯಾರಿಗೆ ಬೇಕು ಅಂದ್ರಿ? ಅಮ್ಮಾವ್ರಿಗೋ, ಅವರ ಯಜಮಾನರಿಗೋ?" ಕನ್ನಡಕದವ ಕೇಳಿದ.

"ನನಗೇ," ಅಂದಳು ಹಲ್ಲಕ್ಕ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು. "ಕೆಲಸ ದೂರಕ್ಕೆ ಹಾಕಿದ್ದಾರೆ. ಹೋಗೋಕೆ ತೊಂಬತ್ತೆರಡು ಕಿಲೋಮೀಟರು, ಬರೋಕೆ ತೊಂಬತ್ತೆರಡು. ದಿನಾ."

"ಅಷ್ಟು ದೂರ ದಿನಾ ಹೋಗಿ ಬರೋ ಬದಲು ಮನೇನೇ ಅಲ್ಲಿಗೆ ಸಾಗಿಸಬಹುದಲ್ಲ?"

"ಆಗಲ್ಲ."

ಅದು ಮಾತ್ರ ಸುಳ್ಳಾಗಿರಲಿಲ್ಲ. ಏಳು ವರ್ಷದ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಕೈಯಿಂದ ಮಾತು ಕಲಿಸುವ ಶಾಲೆ ಇದೊಂದೇ ಊರಿನಲ್ಲಿದೆ. ಕಾರ್ಖಾನೆಯವರು ಗಂಡನನ್ನು ಹೊಸ ಘಟಕಕ್ಕೆ ಹಾಕಿದ ದಿನ ಇಬ್ಬರೂ ಕೂತು ಹೋಗಿ ಬರುವ ದೂರದ ಲೆಕ್ಕ ಹಾಕಿದ್ದರು. ಮನೆ ಬದಲಿಸುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಕ್ಯಾಲೆಂಡರಿನ ಹಿಂದೆ ಒಂದು ಪಟ್ಟಿ ಬರೆದಿದ್ದ. ಟೂರಿಂಗ್ ಬೈಕೇ ಆಗಬೇಕು. ಎದೆಗೆ ಗಾಳಿ ಹೊಡೆಯದಂತೆ ಮುಂದೆ ಎತ್ತರದ ಗಾಜು. ಬೆನ್ನು ನೇರವಾಗಿಟ್ಟು ಕೂರುವ ಸೀಟು. ಎರಡು ದಿನಕ್ಕೊಮ್ಮೆ ಪೆಟ್ರೋಲ್ ಹಾಕಿಸಿದರೆ ಸಾಕಾಗುವ ಟ್ಯಾಂಕು. ಲಾರಿ ಪಕ್ಕದಲ್ಲಿ ಹಾದುಹೋದರೆ ಅಲ್ಲಾಡದ ತೂಕ. ಕೆಳಗೆ ಐದು ಫೋನ್ ನಂಬರು.

ನಾಲ್ಕು ಕಡೆ ಅವಳೂ ಮಾವನೂ ಹೋಗಿ ಬಂದಿದ್ದರು. ನಾಲ್ವರೂ ಒಂದೇ ಮಾತು ಹೇಳಿದ್ದರು. ನಿಮ್ಮ ಯಜಮಾನರು ಬಂದಿದ್ದರು, ನೋಡಿದ್ದರು, ಒಂದು ಗಂಟೆ ತಲೆ ತಿಂದಿದ್ದರು, ಬೇಡ ಅಂತ ಹೋದರು. ಐದನೆಯ ನಂಬರು ಎಂಟು ದಿನ ಸ್ವಿಚ್ ಆಫ್ ಇತ್ತು. ಇವತ್ತು ಬೆಳಿಗ್ಗೆ ಅವಳು ಆಸ್ಪತ್ರೆಯ ಫೋನಿನಿಂದ ಸುಮ್ಮನೆ ಒತ್ತಿ ನೋಡಿದಾಗ ರಿಂಗಾಯಿತು. ಬೈಕು ಇದೆ, ಆದರೆ ಐದು ಗಂಟೆಗೆ ಪರವೂರಿನ ಗಿರಾಕಿ ಲಾರಿ ತಂದು ಹೇರಿಕೊಂಡು ಹೋಗುತ್ತಾನೆ, ಬೇಕಾದರೆ ಅಷ್ಟರೊಳಗೆ ಬನ್ನಿ ಅಂದಿತ್ತು ಆ ಸಣ್ಣ ದನಿ.

ಈಗ ನಾಲ್ಕು ಹತ್ತು.

ದೂರು ಕೊಡಲು ಹೋದ ಮೂರು ಸಲವೂ ಪೊಲೀಸ್ ಸ್ಟೇಷನ್ನಿನ ಸಾಹೇಬರು ಒಂದೇ ಮಾತು ಹೇಳಿ ಕಳಿಸಿದ್ದರು. ದೊಡ್ಡ ಗಂಡಸು ಕಣಮ್ಮ, ಹೋಗಿದ್ದಾನೆ, ಬರ್ತಾನೆ. ಎಲ್ಲಿಗೆ ಹೋಗಿದ್ದ ಅನ್ನೋದಕ್ಕೆ ಕೈಯಲ್ಲಿ ಹಿಡಿಯೋ ಅಂಥದ್ದು ಏನಾದ್ರೂ ತಾ, ಆಮೇಲೆ ಹುಡುಕೋಣ. ಮಗಳು ಪ್ರತಿ ಸಂಜೆ ಬಾಗಿಲಲ್ಲಿ ನಿಂತು ಎರಡು ಮುಷ್ಟಿ ಮುಂದೆ ಚಾಚಿ ಹ್ಯಾಂಡಲ್ ಹಿಡಿದ ಹಾಗೆ ತಿರುಗಿಸುತ್ತಾಳೆ. ಅವಳ ಕೈಭಾಷೆಯಲ್ಲಿ ಅದು ಅಪ್ಪ. ಹಲ್ಲಕ್ಕ ಆ ಮುಷ್ಟಿಗಳನ್ನು ಹಿಡಿದುಕೊಂಡು ಅವಳನ್ನು ಒಳಗೆ ಕರೆದುಕೊಂಡು ಹೋಗುತ್ತಾಳೆ.

ಈ ಅಂಗಳವೂ ಬರಿದಾದರೆ ಪಟ್ಟಿ ಮುಗಿಯಿತು. ಆಮೇಲೆ ಹುಡುಕುವುದಕ್ಕೆ ಜಗತ್ತಿನಲ್ಲಿ ಜಾಗವೇ ಇಲ್ಲ.

"ಇದಕ್ಕೆ ಮುಂಚೆ ಯಾರಾದ್ರೂ ನೋಡಿದ್ರಾ?" ಮಾವ ಸರಪಳಿಯನ್ನು ಬೆರಳಿನಿಂದ ಹಿಂದಕ್ಕೆಳೆದು ಹಲ್ಲುಚಕ್ರದಿಂದ ಎಷ್ಟು ಏಳುತ್ತದೆ ಅಂತ ನೋಡುತ್ತ ಕೇಳಿದರು.

"ನೀವೇ ಮೊದಲು."

"ಲಾರಿ ತರೋ ಗಿರಾಕಿ?"

"ಅವರು ಫೋಟೋ ನೋಡಿ ಒಪ್ಪಿದ್ದು. ಈ ಗಾಡಿಗೆ ನನ್ನ ಬಿಟ್ಟು ಬೇರೆಯವರ ಕೈ ತಾಗಿಲ್ಲ ಯಜಮಾನರೇ. ಬೆನ್ನು ನೋವು ಬಂತು, ಇಲ್ಲದಿದ್ರೆ ಮಾರ್ತಿರಲಿಲ್ಲ. ಹಿಂದಿನ ಟೈರು ನೋಡಿ, ಇವತ್ತು ಬೆಳಿಗ್ಗೆ ಹಾಕಿದ್ದು. ಕೊಳ್ಳೋರಿಗೆ ಅನ್ಯಾಯ ಆಗಬಾರದು ಅಂತ."

ಟೈರು ನಿಜವಾಗಿಯೂ ಹೊಸದು. ಅಂಚಿನ ರಬ್ಬರಿನ ಕೂದಲೂ ಉದುರಿರಲಿಲ್ಲ.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ," ಅಂದರು ಮಾವ. ಅವರು ಹಾಗೆ ಹರಸಿದರೆ ನಂಬಿಲ್ಲ ಅಂತಲೇ ಲೆಕ್ಕ.

ಹಲ್ಲಕ್ಕನಿಗೆ ಬೈಕಿನ ಬಗ್ಗೆ ಏನೂ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಸ್ಕೂಟರು ಓಡಿಸುವುದು, ಮತ್ತು ಸಣ್ಣ ವಸ್ತುವನ್ನು ಬಹಳ ಹೊತ್ತು ನೋಡುವುದು. ಒಂದು ಹಲ್ಲಿನ ಮೂಲೆ ಕೂದಲೆಳೆಯಷ್ಟು ಎತ್ತರವಾದರೆ ಅಜ್ಜಿಯೊಬ್ಬಳು ಅನ್ನ ಬಿಡುತ್ತಾಳೆ. ಆ ಅಭ್ಯಾಸದ ಕಣ್ಣಿನಿಂದಲೇ ಅವಳು ಮುಂದಿನ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಏನು ನೋಡಬೇಕು ಅಂತ ತಿಳಿಯದೆ ನೋಡಿದಳು.

ಚಕ್ರದ ನಡುವಿನ ದೊಡ್ಡ ನಟ್ಟಿನ ಮೇಲೆ ಹಳದಿ ಗೆರೆಯಿತ್ತು.

ಒಂದು ಗೆರೆ, ಬೆರಳುಗುರಿನಷ್ಟು ಉದ್ದ. ನಟ್ಟಿನ ತಲೆಯ ಮೇಲೆ ಶುರುವಾಗಿ ಪಕ್ಕದ ಲೋಹದ ಮೇಲೆ ನಿಂತಿತ್ತು. ಅದರ ಮೇಲೆ ಧೂಳು ಕೂತಿತ್ತು.

ಎರಡೂ ಕೈ ತಾನಾಗಿ ಎದೆಗೆ ಬಂದವು.

ಅವಳ ಗಂಡ ಕಾರ್ಖಾನೆಯಲ್ಲಿ ಪರೀಕ್ಷಕ. ದೊಡ್ಡ ಯಂತ್ರಗಳ ನಟ್ಟುಗಳನ್ನು ಬಿಗಿ ಮಾಡಿ, ಬಿಗಿ ಮಾಡಿದ್ದಕ್ಕೆ ಸಾಕ್ಷಿಯಾಗಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯುವುದು ಅವನ ಕೆಲಸ. ಆಮೇಲೆ ಯಾರಾದರೂ ನಟ್ಟು ತಿರುಗಿಸಿದರೆ ಗೆರೆ ಎರಡು ತುಂಡಾಗುತ್ತದೆ. ಹದಿನಾಲ್ಕು ವರ್ಷ ಅದನ್ನೇ ಮಾಡಿದ ಕೈ ಮನೆಯಲ್ಲೂ ಸುಮ್ಮನಿರಲಿಲ್ಲ. ಕುಕ್ಕರಿನ ಹಿಡಿಗೆ ಗೆರೆ, ಫ್ಯಾನಿಗೆ ಗೆರೆ, ಬಾಗಿಲ ತಿರುಪಿಗೆ ಗೆರೆ, ಮಗಳ ಸೈಕಲ್ಲಿಗೆ ಹನ್ನೊಂದು ಗೆರೆ. "ನನಗೊಂದು ಎಳೆದಿಲ್ಲ, ನನ್ನ ಪುಣ್ಯ," ಅಂತ ಅವಳು ಗೇಲಿ ಮಾಡಿದರೆ, "ನಿನ್ನನ್ನ ತಿರುಗಿಸೋಕೆ ಯಾರಿಂದ ಆಗುತ್ತೆ?" ಅನ್ನುತ್ತಿದ್ದ.

ಅವನ ಗೆರೆ ಅವಳಿಗೆ ಗೊತ್ತು. ಎಡಗೈಯವನ ಗೆರೆ. ಎಡದಿಂದ ತುಸು ಕೆಳಗೆ ಇಳಿದು ಕೊನೆಯಲ್ಲಿ ಸಣ್ಣಗೆ ದಪ್ಪವಾಗುತ್ತದೆ.

ಇದೂ ಹಾಗೇ ಇತ್ತು.

"ಇದೇನು ಹಳದಿ?" ಅಂದಳು.

ಕನ್ನಡಕದವ ಬಗ್ಗಿದ. "ಅದಾ? ಸರ್ವಿಸ್‌ನವರು ಹಾಕಿರ್ತಾರೆ."

"ಯಾವಾಗ ಸರ್ವಿಸ್ ಆಯ್ತು?"

"ಆರು ತಿಂಗಳಾಯ್ತು."

"ಆರು ತಿಂಗಳಿಂದ ಓಡಿಸಿದ್ದೀರಲ್ಲ, ಮಳೆ, ಕೆಸರು? ಅಳಿಸಿಹೋಗಿಲ್ಲ."

"ಒಳ್ಳೇ ಬಣ್ಣ ಇರಬೇಕು ಅಮ್ಮಾ."

"ಬೇರೆಯವರ ಕೈ ತಾಗಿಲ್ಲ ಅಂದ್ರಿ."

ಅವನು ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ಅವಳನ್ನೇ ನೋಡಿದ. ಅಂಗಡಿಯ ಕಡೆಯ ತೆರೆದ ಬಾಗಿಲಿನಿಂದ ಗೋಡೆಯ ಮೇಲಿನ ಅಕ್ಷರಗಳ ಹಲಗೆ ಕಾಣುತ್ತಿತ್ತು. ಮೇಲೆ ದೊಡ್ಡ ಅಕ್ಷರ, ಕೆಳಗೆ ಹೋದಂತೆ ಸಣ್ಣದು.

"ಸರ್ವಿಸ್‌ನವರನ್ನ ಯಾರೂ ಬೇರೆಯವರು ಅನ್ನಲ್ಲ ಅಮ್ಮಾ," ಅಂದ. "ಡಾಕ್ಟರನ್ನ ಬೇರೆ ಗಂಡಸು ಅಂತೀವಾ? ಇರಿ, ಕಾಗದಪತ್ರ ತರ್ತೀನಿ. ನೋಡಿದ್ರೆ ನಿಮಗೂ ಸಮಾಧಾನ."

ಅವನು ಒಳಗೆ ಹೋದ.

"ಮಾವ," ಅಂದಳು. ಇಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಆ ಒಂದು ಪದದಲ್ಲಿ ಬಂತು. "ಇದು ಅವರ ಗೆರೆ. ನನ್ನ ಮಗಳ ಮೇಲಾಣೆ. ಅವರು ಇಲ್ಲಿಗೆ ಬಂದಿದ್ರು."

ಮಾವನ ಮುಖದಲ್ಲಿ ಏನೂ ಅಲ್ಲಾಡಲಿಲ್ಲ. ಕೈ ಮಾತ್ರ ಬೈಕಿನ ಟ್ಯಾಂಕಿನ ಮೇಲೆ ಬಿಗಿಯಾಯಿತು.

"ಅಳಬೇಡ ತಾಯಿ. ಈಗ ಅತ್ತರೆ ಅವನಿಗೆ ಗೊತ್ತಾಗುತ್ತೆ. ಸಾಹೇಬರು ಕೇಳಿದ ವಸ್ತು ಇದೇ. ಲಾರಿ ಬಂದ್ರೆ ಹೋಯ್ತು."

"ಏನು ಮಾಡೋಣ?"

"ಟ್ರಯಲ್ ನೋಡ್ತೀನಿ ಅನ್ನು. ಹತ್ತು. ಗೇಟು ದಾಟಿದ ಮೇಲೆ ಎಡಕ್ಕೆ ತಿರುಗಿ ಸೀದಾ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ನಿಲ್ಲಿಸು. ಮಧ್ಯೆ ಎಲ್ಲೂ ನಿಲ್ಲಬೇಡ. ನಾನು ಇವನ ಜೊತೆ ಇಲ್ಲೇ ಮಾತಾಡ್ತಿರ್ತೀನಿ."

"ಇಷ್ಟು ದೊಡ್ಡ ಗಾಡಿ ನಾನು..."

"ಆಗುತ್ತೆ. ಕಾಲು ಊರಿದ್ರೆ ನೆಲ ಸಿಗುತ್ತಲ್ಲ, ಸಾಕು. ಉಳಿದದ್ದು ದೇವರು ನೋಡ್ಕೋತಾನೆ."

ಕನ್ನಡಕದವ ಕಾಗದಗಳ ಕವರು ಹಿಡಿದು ಬಂದ. ಅವನ ಬೆರಳಲ್ಲಿ ಬೀಗದ ಕೈ ತೂಗುತ್ತಿತ್ತು.

ಹಲ್ಲಕ್ಕ ಕೇಳುವ ಮೊದಲೇ ಅವನೇ ಅಂದ. "ಒಂದು ರೌಂಡು ಓಡಿಸಿ ನೋಡಿ ಅಮ್ಮಾ. ದಿನಾ ಅಷ್ಟು ದೂರ ಕೂರೋರು ನೀವು. ಕೂತು ನೋಡದೆ ತಗೊಂಡ್ರೆ ಹೇಗೆ?"

"ಮೊದಲು ನಾನು ಓಡಿಸಿ ನೋಡ್ತೀನಿ," ಅಂದರು ಮಾವ. ತಕ್ಷಣ ಒಪ್ಪಿದರೆ ಅನುಮಾನ ಬರುತ್ತದೆ ಅಂತ.

"ನಿಮ್ಮ ಮೊಣಕಾಲಿಗೆ ಇದರ ತೂಕ ಆಗಿಬರಲ್ಲ ಯಜಮಾನರೇ. ಗಿರಾಕಿ ಅವರು, ಅವರೇ ಓಡಿಸಲಿ. ಸಣ್ಣ ರಸ್ತೆಯಲ್ಲಿ ಗೊತ್ತಾಗಲ್ಲ, ಹೆದ್ದಾರಿಗೆ ತಗೊಂಡು ಹೋಗಿ. ಎಂಬತ್ತರ ಮೇಲೆ ಹೋದಾಗಲೇ ಇದರ ಗುಣ ತಿಳಿಯೋದು."

ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟ. ಅವಳಿಗೆ ಬೇಕಾದದ್ದು ಅದೇ. ಬೇಡದೆಯೇ ಸಿಕ್ಕಿತ್ತು. ಬೇಡದೆ ಸಿಕ್ಕಿದ್ದು ಅವಳ ಕೈ ಸುಟ್ಟ ಹಾಗಾಯಿತು. ಹಳೇ ಬೈಕು ಮಾರುವವರು ಮುಂಗಡವಿಲ್ಲದೆ ಗೇಟು ದಾಟಿಸುವುದಿಲ್ಲ. ಮಾವ ಓಡಿಸಿ ನೋಡಿದಾಗ ಹಿಂದಿನ ನಾಲ್ವರೂ ತಾವೇ ಹಿಂದೆ ಕೂತು ಬಂದಿದ್ದರು.

ಗಡಿಯಾರ ನಾಲ್ಕೂಕಾಲು ದಾಟಿತ್ತು.

"ಒಂದು ನಿಮಿಷ," ಅಂದಳು. "ಚಪ್ಪಲಿ ಬಾರು ಸಡಿಲಾಗಿದೆ."

ಬೈಕಿನ ಪಕ್ಕದಲ್ಲೇ ಬಗ್ಗಿ ಬಾರು ಎಳೆಯುತ್ತ ಅವಳು ಕಣ್ಣು ಓಡಿಸಿದಳು. ಗಂಡನ ಕ್ರಮ ತಪ್ಪುವುದಿಲ್ಲ. ಮುಂದಿನಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಾನೆ. ಹ್ಯಾಂಡಲಿನ ಬುಡದಲ್ಲಿ ಗೆರೆ. ಎಂಜಿನ್ ಹಿಡಿದಿಟ್ಟ ಬೋಲ್ಟಿಗೆ ಗೆರೆ. ಕಾಲಿಡುವ ಪೆಡಲಿನ ಹತ್ತಿರ ಗೆರೆ. ಎಲ್ಲದರ ಮೇಲೂ ಒಂದೇ ಸಮ ಧೂಳು. ಒಂಬತ್ತು ದಿನದ ಹಿಂದೆ ಅವನು ಈ ನೆಲದ ಮೇಲೆ ಇದೇ ರೀತಿ ಬಗ್ಗಿ, ನಾಲಗೆಯ ತುದಿ ಕಚ್ಚಿಕೊಂಡು, ಒಂದೊಂದಾಗಿ ಎಳೆದಿದ್ದಾನೆ. ದಿನಾ ಮನೆಗೆ ಮರಳಿ ಬರುವ ಗಾಡಿ ಇದು ಅಂತ ಜೋಪಾನವಾಗಿ ಎಳೆದಿದ್ದಾನೆ.

ಕೊನೆಯದು ಹಿಂಚಕ್ರ.

ಅಲ್ಲಿ ಗೆರೆ ತುಂಡಾಗಿತ್ತು. ಅರ್ಧ ಲೋಹದ ಮೇಲೆ, ಇನ್ನರ್ಧ ನಟ್ಟಿನ ಜೊತೆ ತಿರುಗಿ ಬೇರೆ ಮೂಲೆಗೆ ಹೋಗಿತ್ತು. ಸರಿಯೇ. ಬೆಳಿಗ್ಗೆ ಟೈರು ಹಾಕಿದ್ದಾರೆ, ಚಕ್ರ ಬಿಚ್ಚಿದ್ದಾರೆ, ನಟ್ಟು ತಿರುಗಿದೆ.

ಆದರೆ ಅದರ ಪಕ್ಕದಲ್ಲಿ ಎರಡನೆಯ ಗೆರೆಯಿತ್ತು. ತುಂಡಾಗದ, ಪೂರ್ತಿ ಗೆರೆ. ಎಡದಿಂದ ತುಸು ಇಳಿದು, ಕೊನೆಯಲ್ಲಿ ದಪ್ಪ.

ಅದರ ಮೇಲೆ ಧೂಳಿರಲಿಲ್ಲ.

ಅವಳ ತಲೆಯೊಳಗೆ ಮಾತುಗಳು ಒಂದರ ಹಿಂದೆ ಒಂದು ಬಹಳ ನಿಧಾನವಾಗಿ ಬಂದು ನಿಂತವು. ಚಕ್ರ ಕೂರಿಸಿದ ಮೇಲೆ ಮಾತ್ರ ಈ ಗೆರೆ ಎಳೆಯಲು ಸಾಧ್ಯ. ಚಕ್ರ ಕೂರಿಸಿದ್ದು ಇವತ್ತು ಬೆಳಿಗ್ಗೆ. ಎಳೆದದ್ದು ಅವನು.

ಬೆರಳ ತುದಿಯಿಂದ ಮುಟ್ಟಿದಳು. ಗ್ರೀಸಿನ ಮೇಲೆ ಎಳೆದ ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಬೆರಳಿಗೆ ಹಳದಿ ಅಂಟಿತು.

ಬದುಕಿದ್ದಾನೆ.

ದೇವರೇ, ಅಂದಳು ಒಳಗೊಳಗೇ. ಇವತ್ತು ಬೆಳಿಗ್ಗೆ ಈ ಅಂಗಳದಲ್ಲಿದ್ದ. ನಡೆದರೆ ಇಪ್ಪತ್ತು ನಿಮಿಷದ ದಾರಿಯಲ್ಲಿ ಮನೆ. ಹಾಗಿದ್ದರೆ ಯಾಕೆ ಬರಲಿಲ್ಲ? ಯಾರು ಬಿಡಲಿಲ್ಲ?

ಆಗ ಅವಳಿಗೆ ಚುಕ್ಕೆ ಕಂಡಿತು.

ಎರಡನೆಯ ಗೆರೆಯ ಕೊನೆಯಲ್ಲಿ, ಸಾಸಿವೆ ಕಾಳಿನಷ್ಟು. ಬೇರೆ ಯಾವ ಗೆರೆಗೂ ಅದು ಇರಲಿಲ್ಲ. ಮನೆಯ ಫ್ಯಾನಿಗೆ ಒಮ್ಮೆ ಅವನು ಹಾಗೆ ಚುಕ್ಕೆಯಿಟ್ಟಿದ್ದ. ಆ ಬೇಸಿಗೆಯಿಡೀ ಫ್ಯಾನು ಹಾಕಲು ಬಿಟ್ಟಿರಲಿಲ್ಲ. ನಟ್ಟು ಬಿಗಿಯಾಗಿದೆ, ಆದರೆ ಒಳಗೆ ಸರಳು ಬಿರುಕು ಬಿಟ್ಟಿದೆ, ಹೊರಗಿಂದ ಕಾಣಲ್ಲ ಅಂದಿದ್ದ. ಚುಕ್ಕೆ ಇದ್ದರೆ ಕಾರ್ಖಾನೆಯಲ್ಲಿ ಆ ಯಂತ್ರವನ್ನು ಯಾರೂ ಮುಟ್ಟುವುದಿಲ್ಲ. ಓಡಿಸಿದವರು ಉಳಿಯುವುದಿಲ್ಲ ಅನ್ನುವುದಕ್ಕೆ ಅದು ಗುರುತು.

ಹೆದ್ದಾರಿಗೆ ತಗೊಂಡು ಹೋಗಿ. ಎಂಬತ್ತರ ಮೇಲೆ.

"ಬಾರು ಸರಿಹೋಯ್ತಾ ಅಮ್ಮಾ?"

ಅವಳು ಎದ್ದು ನಿಂತಳು. ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹತ್ತಿದರೆ ಸಾವು. ಹತ್ತದಿದ್ದರೆ ಐದಕ್ಕೆ ಲಾರಿ. ಆಮೇಲೆ ಅವನು ಬದುಕಿದ್ದ ಅನ್ನುವುದಕ್ಕೆ ಅವಳ ಬೆರಳಿನ ಹಳದಿ ಬಿಟ್ಟರೆ ಏನೂ ಉಳಿಯುವುದಿಲ್ಲ.

ಮಾವ ಅವಳನ್ನು ನೋಡಿದರು. ಹತ್ತು ಅಂತ ಕಣ್ಣಿನಲ್ಲೇ ಹೇಳಿದರು. ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಅವರ ಹುಬ್ಬು ಗಂಟಾಯಿತು.

ಅವಳು ಎಡಗಡೆಯಿಂದ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು, ಸ್ಟ್ಯಾಂಡನ್ನು ಕಾಲಿನಿಂದ ಒದ್ದು ಮೇಲೆತ್ತಿದಳು. ಇಡೀ ತೂಕ ಅವಳ ಸೊಂಟದ ಮೇಲೆ ಬಂತು. ಬೀಳುತ್ತದೆ ಅನ್ನಿಸಿತು, ಬೀಳಲಿಲ್ಲ.

"ಓಡಿಸಲ್ಲ," ಅಂದಳು. "ತಳ್ಳಿಕೊಂಡು ಹೋಗ್ತೀನಿ."

"ಎಲ್ಲಿಗೆ?"

"ಬೀದಿಯ ಕೊನೇವರೆಗೆ. ನನಗೆ ದಿನಾ ತಳ್ಳೋಕೂ ಆಗಬೇಕಲ್ಲ."

"ಅದೂ ನೋಡಬೇಕಾದ್ದೇ ಸ್ವಾಮಿ," ಅಂದರು ಮಾವ. ಏನಾಗಿದೆ ಅಂತ ಅವರಿಗೆ ತಿಳಿದಿರಲಿಲ್ಲ. ಏನೋ ಆಗಿದೆ ಅಂತ ಮಾತ್ರ ತಿಳಿದಿತ್ತು. ಕುಂಟುತ್ತ ಬಂದು ಹಿಂದಿನಿಂದ ಸೀಟಿಗೆ ಕೈ ಕೊಟ್ಟರು. "ನಡಿ ಕಣಮ್ಮಾ."

ಚಕ್ರ ಉರುಳಿತು. ಒಂದು ಹೆಜ್ಜೆ, ಎರಡು ಹೆಜ್ಜೆ. ಹಿಂದಿನಿಂದ ಕಡಕ್ ಅಂತ ಸಣ್ಣ ಸದ್ದು. ಮತ್ತೆ ಕಡಕ್. ಹಲ್ಲಕ್ಕ ತಿರುಗಿ ನೋಡಲಿಲ್ಲ. ಗೇಟಿಗೆ ಇನ್ನು ಹತ್ತು ಹೆಜ್ಜೆ. ಆಚೆ ಬೀದಿಯಲ್ಲಿ ಯಾರೋ ಮಗುವನ್ನು ಕೂಗಿ ಕರೆಯುತ್ತಿದ್ದರು.

ಕನ್ನಡಕದವ ಅವಸರ ಮಾಡಲಿಲ್ಲ. ಅವರಿಬ್ಬರನ್ನೂ ದಾಟಿ ಮುಂದೆ ನಡೆದು, ಗೇಟಿನ ಎರಡು ಬಾಗಿಲನ್ನೂ ಮೆಲ್ಲಗೆ ಸೇರಿಸಿ, ಒಳಗಿನ ಚಿಲಕ ಹಾಕಿದ. ಜೇಬಿನಿಂದ ಗಾಜು ಒರೆಸುವ ಬಟ್ಟೆ ತೆಗೆದು ಅವಳ ಮುಂದೆ ಹಿಡಿದ.

"ಬೆರಳು ಒರೆಸಿಕೊಳ್ಳಿ ಅಮ್ಮಾ. ಹಳದಿ ಅಂಟಿದೆ."

ಅವಳು ಬಟ್ಟೆ ಮುಟ್ಟಲಿಲ್ಲ. ಹ್ಯಾಂಡಲ್ ಬಿಡಲಿಲ್ಲ.

"ಇವತ್ತು ಫೋನ್ ಆನ್ ಮಾಡಿಟ್ರೆ ನೀವೇ ಮಾಡ್ತೀರಿ ಅಂದಿದ್ರು, ಮಾಡಿದ್ರಿ. ಒಬ್ಬರೇ ಬರ್ತೀರಿ ಅಂತಲೂ ಅಂದಿದ್ರು," ಅಂದ ಅವನು. ದನಿ ಮೊದಲಿನಷ್ಟೇ ಸಣ್ಣದಿತ್ತು. ಮಾವನ ಕಡೆ ತಿರುಗಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಇವರ ವಿಷಯ ಮಾತ್ರ ನಿಮ್ಮ ಯಜಮಾನರು ನನಗೆ ಹೇಳಿರಲಿಲ್ಲ."